ಆಯಿಯ ಹಾಡಿಗೆ ಹಾಕಿದ ಕತ್ತರಿ

ನನ್ನ ದನಿಗೆ ಹಳದಿ ಬಂತು, ಪೂನಮ್ ವೈನಿಯ ದನಿಗೆ ಹಸಿರು. ನನ್ನ ಹೊಟ್ಟೆಯೊಳಗೆ ಉರಿ ಹತ್ತಿದ್ದು ಅವತ್ತೇ.

ಮೊದಲಿಂದ ಹೇಳುತ್ತೇನೆ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ ಲಾಲಮ್ಮ, ಎಪ್ಪತ್ನಾಲ್ಕು ದಾಟಿದವಳು. ಎರಡು ವರ್ಷದಿಂದ ಅವಳಿಗೆ ಮರೆವಿನ ಕಾಯಿಲೆ. ಬೆಳಗ್ಗೆ ಪರವಾಗಿಲ್ಲ, ಚಹಾ ಕುಡಿಯುತ್ತಾಳೆ, ಬಿಸಿಲಿಗೆ ಕೂರುತ್ತಾಳೆ. ಹೊತ್ತು ಇಳಿಯತೊಡಗಿದರೆ ಮಾತ್ರ ಬೇರೆಯೇ ಆಯಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತುಬಿಡುತ್ತಾಳೆ. "ತೆಂಗಳಿಗಿ ಹೋತಿನಿ. ಅವ್ವ ಹಾದಿ ನೋಡ್ಲಿಕತ್ತಾಳ." ಅವಳ ಅವ್ವ ತೀರಿಕೊಂಡು ನಲವತ್ತು ವರ್ಷವಾಗಿದೆ. ನಮ್ಮ ಮನೆ ಸೇಡಂನಲ್ಲಿ, ಚಿಂಚೋಳಿ ರಸ್ತೆಗೆ ಹತ್ತೇ ಹೆಜ್ಜೆ, ಆ ರಸ್ತೆಯಲ್ಲಿ ಸಿಮೆಂಟ್ ಲಾರಿಗಳು ಒಂದರ ಹಿಂದೆ ಒಂದು. ಸಂಜೆ ಐದರಿಂದ ಏಳರವರೆಗೆ ಯಾರಾದರೊಬ್ಬರು ಬಾಗಿಲಿಗೆ ಅಡ್ಡ ಕೂರಲೇಬೇಕಿತ್ತು.

ನಾನು ಲುಂಬಿನಿ. ಬಸ್ ಸ್ಟ್ಯಾಂಡ್ ಬದಿಯ ಸ್ಟುಡಿಯೊದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ಚಿತ್ತಾಪುರದ ಮದುವೆ, ವಾಡಿಯ ನಿಶ್ಚಿತಾರ್ಥ, ಶಹಾಬಾದಿನ ವಲೀಮಾ ಊಟ, ಎಲ್ಲ ನನ್ನ ಕೈಯಿಂದಲೇ ದಾಟಿ ಹೋಗುತ್ತವೆ. ಮಾಲೆ ಹಿಡಿದು ಸುಮ್ಮನೆ ನಿಂತ ಮದುಮಗ, ಮೈಕ್ ಮುಂದೆ ಮಾತು ಮರೆತ ಮಾವ, ಇಂಥದೆಲ್ಲ ಕಂಡರೆ ನನ್ನ ಬೆರಳು ತಾನಾಗಿಯೇ ಕತ್ತರಿ ಒತ್ತುತ್ತದೆ. ಖಾಲಿ ಇದ್ದಲ್ಲಿ ಕತ್ತರಿಸು, ನಮ್ಮ ಸ್ಟುಡಿಯೊದ ಕಾನೂನೇ ಅದು. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ನಾಲ್ಕು ತಾಲ್ಲೂಕಿನಲ್ಲಿ ಇಲ್ಲ ಅಂತ ನನ್ನ ನಂಬಿಕೆ.

ಹಾಗಾಗಿ ಅಲ್ಮಾಸ್ ಮೇಡಂ ಟ್ಯಾಬ್ಲೆಟ್ ತಂದಾಗ ನಾನು ಕುಣಿದಾಡಿದೆ. ಕಲಬುರಗಿಯಿಂದ ಪ್ರತಿ ಗುರುವಾರ ಬಸ್ಸಿಗೆ ಬರುವ ಮೇಡಂ, ಮರೆವಿನ ಕಾಯಿಲೆ ಇದ್ದವರಿಗೆ ಸಂಗೀತದಿಂದ ಆರಾಮ ಕೊಡುವ ಒಂದು ಯೋಜನೆಯವರು. ಆಯಿಯ ಕಿವಿಗೆ ಹೆಡ್‌ಫೋನು, ಮಣಿಕಟ್ಟಿಗೆ ಒಂದು ಪಟ್ಟಿ. ಹಾಡು ನಡೆಯುವಾಗ ನಾಡಿ ನೋಡಿ ಪರದೆ ಬಣ್ಣ ತೋರಿಸುತ್ತದೆ: ಗಾಬರಿಯಾದರೆ ಕೆಂಪು, ಅತ್ತಲೂ ಇಲ್ಲ ಇತ್ತಲೂ ಇಲ್ಲ ಅಂದರೆ ಹಳದಿ, ಶಾಂತವಾದರೆ ಹಸಿರು. ಆ ಹೊತ್ತಿನಲ್ಲಿ ಆಯಿ ಏನಾದರೂ ಅಂದರೆ ಟ್ಯಾಬ್ಲೆಟ್ಟಿನ ಮೈಕು ಅದನ್ನೂ ಹಿಡಿದಿಟ್ಟುಕೊಳ್ಳುತ್ತದೆ.

"ಇದು ಜಾದೂ ಅಲ್ಲ ಲುಂಬಿನಿ," ಅಂದರು ಮೇಡಂ. "ಬೀಮಾರಿ ಹೋಗಂಗಿಲ್ಲ. ತಕಲೀಫ್ ಕಮ್ಮಿ ಆತದ, ಅಷ್ಟೇ. ಆಯಿ ಜವಾನಿ ಟೈಮಿನ್ಯಾಗ ಏನ್ ಹಾಡ್ಯಾರ, ಏನ್ ಕೇಳ್ಯಾರ, ಅದು ಹುಡುಕ್ರಿ. ಮನ್ಯಾಗಿನ ಒಬ್ಬರ ದನಿನೂ ಬೇಕು."

"ನನ್ನ ದನಿ!" ಅಂದೆ. ಯಾರೂ ಕೇಳಿರಲಿಲ್ಲ.

ಆಯಿಯ ಮಗ್ಗುಲಲ್ಲೇ ಮಲಗಿ ಬೆಳೆದವಳು ನಾನು. ಅಮ್ಮನ ಹತ್ತಿರ ಹೋದದ್ದಕ್ಕಿಂತ ಆಯಿಯ ಹತ್ತಿರ ಹೋದದ್ದೇ ಹೆಚ್ಚು. ಅವಳು ಎಲ್ಲರನ್ನೂ ಮರೆತರೂ ನನ್ನನ್ನು ಕೊನೆಗೆ ಮರೆಯಬೇಕು, ಅದು ನನ್ನ ಹಕ್ಕು ಅಂತಲೇ ಅಂದುಕೊಂಡಿದ್ದೆ.

ಅಪ್ಪನನ್ನು ಕೇಳಿದೆ, "ಆಯಿ ಯಾವ ಹಾಡು ಹಾಡ್ತಿದ್ಲು?"

ಅಪ್ಪ ತಾಲ್ಲೂಕು ಕಚೇರಿಯ ಫೈಲಿನಿಂದ ತಲೆ ಎತ್ತಿದ. "ಹಾಡಾ? ಹೊಲಕ್ಕ ಹೋತಿದ್ಲು, ಬರ್ತಿದ್ಲು, ನಮಗ ರೊಟ್ಟಿ ಮಾಡಿ ಹಾಕ್ತಿದ್ಲು. ಹಾಡಿದ್ದು ಯಾರ್ ಕೇಳ್ಯಾರ?"

ಮರುದಿನವೇ ಆಯಿಯ ತವರು ತೆಂಗಳಿಗೆ ಹೋದೆ. ಆಯಿಯ ಜೊತೆ ತೊಗರಿ ಹೊಲಗಳಲ್ಲಿ ಕಸ ತೆಗೆಯುತ್ತಿದ್ದ ಸಾಬಮ್ಮ ಇನ್ನೂ ಗಟ್ಟಿಯಾಗಿದ್ದಳು. ಲಾಲಮ್ಮನ ಮೊಮ್ಮಗಳು ಅಂದ ಕೂಡಲೇ ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು ಕೈಯಲ್ಲಿ ಕಸ ಕೀಳುವ ಕುರ್ಪಿ ಇದ್ದ ಹಾಗೆ ನೆಲ ಕೆದರುತ್ತಾ ಶುರು ಮಾಡಿದಳು:

"ಕರಿ ಹೊಲದಾಗ ಹಳದಿ ಹೂವ ಯಾರಿಗಿ ಕಂಡಾವ..."

ಆಮೇಲೆ ನಿಂತುಬಿಟ್ಟಳು. ನನ್ನನ್ನೇ ನೋಡಿದಳು. ಪಾಪ, ಮುಂದಿನ ಸಾಲು ಮರೆತಿದ್ದಾಳೆ ಅಂತ ನಾನು ಫೋನು ಹಿಡಿದುಕೊಂಡು ತಲೆ ಆಡಿಸಿದೆ. ಸ್ವಲ್ಪ ಹೊತ್ತಿಗೆ, "ಕಾಗಿಣಿ ದಂಡ್ಯಾಗ ಕೆಂಪ ಸೀರಿ ಯಾರದು ಹಾರ್‍ಯಾದ..." ಮತ್ತೆ ನಿಂತಳು. ಪ್ರತಿ ಸಾಲಿಗೂ ಹೀಗೇ.

"ನಿನಗ ಬರಂಗಿಲ್ಲೇನು?" ಅಂದಳು ಕಡೆಗೆ.

"ಇಲ್ಲಾಯಿ, ನಾ ಎಡಿಟಿಂಗ್ ಮಾಡ್ತೀನಿ."

ಸಾಬಮ್ಮ ಕೆಮ್ಮು ಬರುವಷ್ಟು ನಕ್ಕಳು. ಯಾಕೆ ನಕ್ಕಳೋ ತಿಳಿಯಲಿಲ್ಲ.

ಸ್ಟುಡಿಯೊಗೆ ಬಂದವಳೇ ಕೂತೆ. ಕೆಮ್ಮು ತೆಗೆದೆ, ಕೋಳಿ ತೆಗೆದೆ, ಸಾಲು ಸಾಲಿನ ನಡುವೆ ಅವಳು ಮರೆತು ನಿಂತ ಖಾಲಿ ಜಾಗ ಒಂದೊಂದನ್ನೂ ತೆಗೆದೆ. ಹನ್ನೊಂದು ನಿಮಿಷ ನಾಲ್ಕಾಯಿತು. ಹಿಂದೆ ಸಣ್ಣಗೆ ತಂಬೂರಿ ಸೇರಿಸಿದೆ. ಬರೀ ಪ್ರಶ್ನೆಗಳ ಹಾಡು, ಎಷ್ಟು ಚಂದ ಅಂತ ನನಗೇ ರೋಮಾಂಚನ.

ಆಯಿ ಎರಡು ನಿಮಿಷ ಕೇಳಿದಳು. ಹುಬ್ಬು ಗಂಟಾಯಿತು. "ಯಾಕ್ ಓಡ್ಲಿಕತ್ತಾಳ ಇಕಿ? ಯಾಕ್ ಹಿಂಗ ಓಡ್ತಾಳ?" ಅಂತ ಹೆಡ್‌ಫೋನು ಕಿತ್ತು ಗೋಡೆಗೆ ಎಸೆದಳು. ಕೆಂಪು. ಯಾರನ್ನೋ ನೆನೆಸಿಕೊಂಡು ಏನೋ ಅನ್ನುತ್ತಿದ್ದಾಳೆ ಅಂತ ಬಿಟ್ಟೆ. ಆಮೇಲೆ ನನ್ನ ದನಿಯಲ್ಲೇ ಒಂದು ಹಾಡು, "ಆಯಿ, ನಾ ನಿನ್ನ ಲುಂಬಿ" ಅಂತ ಪ್ರೀತಿಯಿಂದ ಶುರು ಮಾಡಿ. ಅದಕ್ಕೆ ಬಂದದ್ದು ಹಳದಿ.

ಈಗ ಪೂನಮ್ ವೈನಿ. ನಮ್ಮ ಅಣ್ಣ ಕಪಿಲನ ಹೆಂಡತಿ, ಕೊಡ್ಲಿಯ ಹುಡುಗಿ, ಮದುವೆಯಾಗಿ ಎಂಟು ತಿಂಗಳು. ಎಸ್ಸೆಸ್ಸೆಲ್ಸಿ ಮುಗಿಸಿ ತನ್ನ ಅವ್ವನ ಜೊತೆ ಹೊಲದ ಕೆಲಸಕ್ಕೆ ಹೋಗುತ್ತಿದ್ದವಳು. ಫೋನಿನಲ್ಲಿ ಅಲಾರಂ ಇಡುವುದನ್ನೂ ನಾನೇ ಕಲಿಸಿದ್ದೆ. ಒಂದು ದಿನ ಅಲ್ಮಾಸ್ ಮೇಡಂ ಬಂದಾಗ ನಾನು ಸ್ಟುಡಿಯೊದಲ್ಲಿದ್ದೆ. ರೊಟ್ಟಿ ಬಡಿಯುತ್ತಾ ವೈನಿ ಏನೋ ಗುನುಗುತ್ತಿದ್ದಳಂತೆ, ಮೇಡಂ ಅದನ್ನೇ ರೆಕಾರ್ಡ್ ಮಾಡಿಸಿ ಹಾಕಿದರಂತೆ.

ನಾನು ಮನೆಗೆ ಬರುವಾಗ ಸಂಜೆ ಐದೂವರೆ. ಬಾಗಿಲಿಗೆ ಅಡ್ಡ ಯಾರೂ ಕೂತಿರಲಿಲ್ಲ. ಆಯಿ ಹೆಡ್‌ಫೋನು ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದಳು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ. "ನನಗ ಕಂಡಾವ, ಅಕ್ಕಾ, ನನಗ ಕಂಡಾವ" ಅಂದಳು. ಸ್ವಲ್ಪ ತಡೆದು ಇನ್ನೇನೋ ಅಂದಳು. ಏನು ಅಂತ ನಾನು ಕೇಳಿಸಿಕೊಳ್ಳಲೇ ಇಲ್ಲ, ಯಾಕೆಂದರೆ ನನ್ನ ಕಣ್ಣು ಅವಳ ಕೈ ಮೇಲಿತ್ತು. ಆ ಕೈ ವೈನಿಯ ಮೊಣಕಾಲ ಮೇಲಿತ್ತು. ಪರದೆ ಹಸಿರೋ ಹಸಿರು.

ಆಯಿ ಕಣ್ಣು ತೆರೆದು ನನ್ನನ್ನು ನೋಡಿ ವೈನಿಯನ್ನು ಕೇಳಿದಳು, "ಈ ಹೆಣಮಗಳು ಯಾರಬೇ?"

ಹೊಟ್ಟೆಯೊಳಗಿನ ಆ ಉರಿ ಆಮೇಲೆ ಒಂದು ತಿಂಗಳು ಆರಲಿಲ್ಲ. ವೈನಿ ಕೊಟ್ಟರೆ ಆಯಿ ಉಣ್ಣುತ್ತಿದ್ದಳು. ವೈನಿ ಕರೆದರೆ ಸ್ನಾನಕ್ಕೆ ಏಳುತ್ತಿದ್ದಳು. ನಾನು ಬಾಚಣಿಗೆ ಹಿಡಿದರೆ ತಲೆ ಆಚೆಗೆ. ಅಣ್ಣ ನನ್ನ ಮುಖ ನೋಡಿ ನಗುತ್ತಿದ್ದ: "ಏನಬೇ ಇಂಜಿನಿಯರು, ನಿನ್ನ ತಂಬೂರಿಕಿಂತ ನಮ್ಮ ರೊಟ್ಟಿ ಸಪ್ಪಳ ಜೋರ್ ಆಯ್ತಲ್ಲ!" ಎಲ್ಲರೂ ನಕ್ಕರು, ನಾನೂ ನಕ್ಕೆ. ಹಲ್ಲು ಮಾತ್ರ ನಕ್ಕಿತು.

ವೈನಿಯ ರೆಕಾರ್ಡಿಂಗ್ ಕದ್ದು ಕೇಳಿದೆ. ಏಳು ನಿಮಿಷದ ಅಧ್ವಾನ! ಅದೇ ಹಳದಿ ಹೂವಿನ ಹಾಡು, ಒಂದು ಸಾಲು ಹಾಡುವುದು, ನಿಲ್ಲುವುದು, ಟಪ ಟಪ ರೊಟ್ಟಿ, ಮತ್ತೆ ಒಂದು ಸಾಲು. ಇವಳೂ ಮರೆತು ಮರೆತು ನಿಲ್ಲುತ್ತಾಳೆ. ಇದಕ್ಕೆ ಹಸಿರು? ಹಾಡು ಅಲ್ಲ, ಇವಳೇ ಬೇಕು ಆಯಿಗೆ ಅಂತ ತೀರ್ಮಾನ ಮಾಡಿಕೊಂಡೆ. ಮಾಡಿಕೊಂಡು ಇನ್ನಷ್ಟು ಉರಿದೆ.

ಆ ತಿಂಗಳ ಕೊನೆಯ ಗುರುವಾರ ಮೇಡಂ ಅಂದರು, "ಮುಂದಿನ ಹನ್ನೆರಡು ವಾರ ಒಂದೇ ದನಿ ಇರಬೇಕು, ನಡುವ ಬದ್ಲಿ ಮಾಡಂಗಿಲ್ಲ. ಬರೂ ಗುರುವಾರ ಹೆಸರು ಬರಕೊಂಡು ಹೋತಿನಿ. ಪೂನಮ್ ಅಂತ ಬರೀಲೇನು?"

"ಮತ್ತ ಯಾರು?" ಅಂದ ಅಪ್ಪ, ನನ್ನ ಕಡೆ ನೋಡದೇ.

ಹನ್ನೆರಡು ವಾರ. ಅಷ್ಟರಲ್ಲಿ ಆಯಿಯ ತಲೆಯಲ್ಲಿ ನನ್ನದು ಅನ್ನುವ ಜಾಗ ಉಳಿದಿರುತ್ತದೆಯೇ?

ಮಂಗಳವಾರ ಬೆಳಗ್ಗೆ ವೈನಿಗೆ ಹೇಳಿದೆ, "ವೈನಿ, ನಿಮ್ಮ ರೆಕಾರ್ಡಿಂಗ್ ಜರಾ ಸಾಫ್ ಮಾಡ್ತೀನಿ. ಭಾಳ ಸಪ್ಪಳ ಅದ."

"ಮಾಡಬೇ, ನಿನಗ ತಿಳೀತದ," ಅಂದಳು ಹಿಟ್ಟಿನ ಕೈ ಎತ್ತಿ.

ಒಳ್ಳೆಯದಕ್ಕೇ ಮಾಡಿದೆ ಅಂತ ಹೇಳಬಹುದಿತ್ತು. ಆದರೆ ಕತ್ತರಿ ಒತ್ತುವಾಗ ನನ್ನ ಮನಸ್ಸಿನಲ್ಲಿ ಏನಿತ್ತು ಅಂತ ನನಗೆ ಗೊತ್ತು. ಆ ರೊಟ್ಟಿ, ಆ ನಿಲ್ಲುವಿಕೆ ಎಲ್ಲ ತೆಗೆದರೆ ಇವಳ ಹಾಡೂ ನನ್ನದರ ಹಾಗೆ ಹಳದಿಯಾಗಲಿ. ಆಗಲಿ ಅಂತಲೇ ಒತ್ತಿದೆ. ಏಳು ನಿಮಿಷ ಎರಡೂವರೆಯಾಯಿತು. ಹಳೆಯದನ್ನು ಸ್ಟುಡಿಯೊದ ಕಂಪ್ಯೂಟರಿಗೆ ಹಾಕಿಕೊಂಡು ಹೊಸದನ್ನು ಟ್ಯಾಬ್ಲೆಟ್ಟಿಗೆ ತುಂಬಿ ಕೆಲಸಕ್ಕೆ ಹೋದೆ.

ಐದೂಮುಕ್ಕಾಲಿಗೆ ಅಣ್ಣನ ಫೋನು. "ಆಯಿ ರಸ್ತಾಕ ಹೋಗ್ಯಾಳ. ಲಗೂನ ಬಾ."

ನಾನು ಓಡಿ ಹೋಗುವಷ್ಟರಲ್ಲಿ ಟೈರ್ ಅಂಗಡಿಯ ಮುಂದೆ ಜನ ಸೇರಿದ್ದರು. ಒಂದು ಲಾರಿ ರಸ್ತೆಗೆ ಅಡ್ಡಡ್ಡ ನಿಂತಿತ್ತು. ಡ್ರೈವರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬೈಯುತ್ತಿದ್ದ. "ಏಮ್ಮಾ, ಮುದುಕಿಗಿ ಮನ್ಯಾಗ ಇಟ್ಕೋಬೇಕಲ್ಲಾ! ಈಕಿ ಅಡ್ಡ ಬಂದು ಕೈ ಮಾಡಿಲ್ಲಂದ್ರ ಆಗೇ ಹೋತಿತ್ತು!"

ಈಕಿ ಅಂದರೆ ವೈನಿ. ಅಂಗಡಿಯ ಕಟ್ಟೆ ಮೇಲೆ ಆಯಿಯನ್ನು ಅಪ್ಪಿ ಕೂತಿದ್ದಳು. ಆಯಿಯ ಮಂಡಿ ತರಚಿತ್ತು, ಒಂದು ಚಪ್ಪಲಿ ಇರಲಿಲ್ಲ. ವೈನಿಯ ಕಾಲಲ್ಲಿ ಎರಡೂ ಇರಲಿಲ್ಲ.

"ಹಾಡು ಹಚ್ಚಿ ಅಡಗಿಮನಿಗಿ ಹೋಗೀನಿ. ಇಷ್ಟ್ ದಿನ ಹಂಗೇ ಹೋತಿದ್ದೆ, ಎದ್ದೇ ಇಲ್ಲ ಅವ್ರು," ಅಂದಳು ನನಗೆ. "ಇವತ್ತು ಎರಡು ನಿಮಿಷಕ್ಕ ಕಿತ್ತಿ ಒಗದಾರ. ನನ್ನ ದನಿ ಸಾಕಾಗ್ಯಾದೇನೋ ಲುಂಬಿನಿ ಅವರಿಗಿ. ನಿನ್ನ ಹೆಸರೇ ಬರಸು ಗುರುವಾರ."

ನನಗೆ ಸಂತೋಷವಾಯಿತು. ಸುಳ್ಳು ಹೇಳಲಾರೆ. ಆಯಿಯ ಮಂಡಿಯಿಂದ ರಕ್ತ ಒರೆಸುತ್ತಿರುವಾಗಲೇ, ಒಂದು ಗಳಿಗೆ, ಆಯಿತು.

ಬುಧವಾರ ಟ್ಯಾಬ್ಲೆಟ್ಟನ್ನು ಸ್ಟುಡಿಯೊಗೆ ಒಯ್ದೆ. ಇನ್ನು ನನ್ನದೇ ದನಿ, ಚೆನ್ನಾಗಿ ತಯಾರು ಮಾಡಬೇಕು. ಆಯಿಗೆ ಎಲ್ಲೆಲ್ಲಿ ಹಸಿರು ಬಂದಿತ್ತು ಅಂತ ನೋಡೋಣ ಎಂದು ಮೈಕು ಹಿಡಿದಿಟ್ಟ ಹಳೆಯ ದಿನದ ಆಯಿಯ ದನಿಯನ್ನು ತೆಗೆದು, ವೈನಿಯ ಕತ್ತರಿಸದ ಹಾಡಿನ ಕೆಳಗೆ ಇಟ್ಟೆ. ಎರಡು ಪಟ್ಟಿ, ಒಂದರ ಕೆಳಗೆ ಒಂದು. ಮದುವೆ ವಿಡಿಯೊದಲ್ಲಿ ದಿನಾ ಮಾಡುವ ಕೆಲಸ.

ಮೇಲಿನ ಪಟ್ಟಿಯಲ್ಲಿ ವೈನಿಯ ದನಿಯ ಗೆರೆ ಉಬ್ಬುತ್ತದೆ, ಚಪ್ಪಟೆಯಾಗುತ್ತದೆ. ಅದು ಚಪ್ಪಟೆಯಾದ ಪ್ರತಿ ಕಡೆಯಲ್ಲೂ ಕೆಳಗೆ ಆಯಿಯ ಗೆರೆ ಉಬ್ಬುತ್ತದೆ. ಒಂದೂ ತಪ್ಪಿಲ್ಲ. ಕೂಡಿಸಿ ಹಚ್ಚಿದೆ.

"ಕರಿ ಹೊಲದಾಗ ಹಳದಿ ಹೂವ ಯಾರಿಗಿ ಕಂಡಾವ?"

"ನನಗ ಕಂಡಾವ, ಅಕ್ಕಾ, ನನಗ ಕಂಡಾವ."

"ಕಾಗಿಣಿ ದಂಡ್ಯಾಗ ಕೆಂಪ ಸೀರಿ ಯಾರದು ಹಾರ್‍ಯಾದ?"

"ನಂದೇ ಹಾರ್‍ಯಾದ, ಅಕ್ಕಾ, ನಂದೇ ಹಾರ್‍ಯಾದ."

ಹೊಲದ ಸಾಲಿನಲ್ಲಿ ಒಬ್ಬಳು ಕೇಳುತ್ತಾಳೆ, ಕೇಳಿ ನಿಲ್ಲುತ್ತಾಳೆ, ಹಿಂದಿನವರು ಉತ್ತರ ಹೇಳುತ್ತಾರೆ. ಆಯಿ ಜೀವಮಾನವೆಲ್ಲ ಉತ್ತರ ಹೇಳಿದವಳು. ಸಾಬಮ್ಮ ಯಾವ ಸಾಲನ್ನೂ ಮರೆತಿರಲಿಲ್ಲ, ನನ್ನ ಉತ್ತರಕ್ಕೆ ಕಾದಿದ್ದಳು. ಅವಳ ಹನ್ನೊಂದು ನಿಮಿಷದಲ್ಲಿ ನಾನು ಕಿತ್ತು ಎಸೆದ ಏಳು ನಿಮಿಷ ಆಯಿಯದು. ವೈನಿಯ ಹಾಡಿನಲ್ಲಿಯೂ ಅದನ್ನೇ ಮಾಡಿದ್ದೆ. ಕೇಳಿದವಳು ಉತ್ತರಕ್ಕೆ ನಿಲ್ಲದೆ ಓಡಿದರೆ ಹಿಂದಿನವಳು ಎದ್ದು ಹುಡುಕಿಕೊಂಡು ಹೋಗದೆ ಏನು ಮಾಡುತ್ತಾಳೆ?

ಇಷ್ಟು ತಿಳಿದ ಮೇಲಾದರೂ ನಾನು ಒಳ್ಳೆಯವಳಾದೆನೇ? ಇಲ್ಲ. ತಕ್ಷಣ ಮೈಕ್ ಮುಂದೆ ಕೂತು ಅದೇ ಹಾಡನ್ನು ನನ್ನ ದನಿಯಲ್ಲಿ ಹಾಡಿದೆ, ಸಾಲಿಗೊಮ್ಮೆ ನಿಂತು. ನಾಲ್ಕು ಗಂಟೆಗೇ ಮನೆಗೆ ಓಡಿ ಆಯಿಯ ಕಿವಿಗೆ ಹಾಕಿದೆ.

ಆಯಿ ಉತ್ತರ ಹೇಳಿದಳು. ನನಗೆ! ನನ್ನ ಪ್ರಶ್ನೆಗೆ, ನನ್ನನ್ನು ಅಕ್ಕಾ ಅಂತ ಕರೆದು! ಹಸಿರು! ನಾನು ಅವಳ ಪಾದದ ಹತ್ತಿರ ಕೂತು ಅತ್ತುಬಿಟ್ಟೆ. ಕತ್ತರಿಯ ವಿಷಯ ಯಾರಿಗೂ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ.

ವೈನಿ ಒಗೆದ ಬಟ್ಟೆ ಹೊತ್ತು ಒಳಗೆ ಬಂದಳು. ಪರದೆ ನೋಡಿದಳು. "ಅಯ್ಯ, ಹತ್ತಿತು ನೋಡು ನಿನ್ನ ದನಿ! ನಾ ಹೇಳಿದ್ದಿಲ್ಲೇನು?" ಅಂದಳು ನಗುತ್ತಾ. ಆಮೇಲೆ ಆಯಿಯ ಪಕ್ಕ, ದಿನಾ ತಾನು ಕೂರುವ ಜಾಗದಲ್ಲಿ ನಾನು ಕೂತಿದ್ದು ನೋಡಿದಳು. ಬಟ್ಟೆ ಮಡಚುವ ನೆಪದಲ್ಲಿ ಗೋಡೆಯ ಕಡೆ ತಿರುಗಿದಳು. ಮಡಚಿದ ಸೀರೆಯನ್ನೇ ಮತ್ತೆ ಬಿಚ್ಚಿ ಮತ್ತೆ ಮಡಚಿದಳು. ಆ ಬೆನ್ನು ನನಗೆ ಚೆನ್ನಾಗಿ ಪರಿಚಯ. ಒಂದು ತಿಂಗಳಿಂದ ನಾನೂ ಹಾಗೆಯೇ ಗೋಡೆ ನೋಡಿ ನಿಂತಿದ್ದೆ. ಒಂದೇ ವ್ಯತ್ಯಾಸ, ಅವಳು ನನ್ನದೇನನ್ನೂ ಕತ್ತರಿಸಿರಲಿಲ್ಲ.

ಗುರುವಾರ ಮೇಡಂ ಬಂದು ಕಾಗದ ತೆಗೆದರು. "ಮಂಗಳವಾರ ಕೆಂಪು ಅದ, ಬುಧವಾರ ಹಸಿರು. ಮಷೀನ್ ಖರಾಬ್ ಆಗ್ಯಾದೇನೋ ಅಂತ ಆಫೀಸಿಗಿ ಬರಿಯೋಳಿದ್ದೆ. ಲುಂಬಿನಿ ಅಂತ ಬರೀಲೇನು ಈಗ?"

"ಬರೀರಿ," ಅಂದಳು ವೈನಿ.

"ಬರೀಬ್ಯಾಡ್ರಿ," ಅಂದೆ ನಾನು. "ಮಷೀನ್ ಛಲೋ ಅದ. ಮಂಗಳವಾರ ವೈನಿ ಹಾಡು ನಾ ಕತ್ತರಿಸೀನಿ. ನಡುವ ನಿಂದ್ರೂ ಜಾಗ ಎಲ್ಲಾ ತಗದೀನಿ. ಆಯಿ ಅದಕ್ಕ ಎದ್ದು ಹೋಗ್ಯಾಳ."

"ಗೊತ್ತಿಲ್ದೆ ಮಾಡಿರಬೇಕು ಬಿಡ್ರಿ," ಅಂದ ಅಪ್ಪ.

"ಆಯಿ ಹೋತಾಳ ಅಂತ ಗೊತ್ತಿರಲಿಲ್ಲ. ವೈನಿ ಹಾಡು ಕೆಡಲಿ ಅಂತನೇ ಮಾಡೀನಿ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ವೈನಿ ಎದ್ದು ನನ್ನ ಮುಂದೆ ಬಂದು ನಿಂತಳು. ಅವಳು ಬೈಯುವುದನ್ನು ನಾನು ಎಂಟು ತಿಂಗಳಲ್ಲಿ ಕೇಳಿರಲಿಲ್ಲ.

"ನಾ ಲಾರಿ ಮುಂದ ನಿಂತು ಕೈ ಮಾಡೀನಿ, ಲುಂಬಿನಿ. ಬ್ರೇಕ್ ಹತ್ತತದೋ ಇಲ್ಲೋ ಗೊತ್ತಿರಲಿಲ್ಲ ನನಗ. ನಿನ್ನ ಕತ್ತರಿ ಸಲುವಾಗಿ."

"ತಪ್ಪಾಯ್ತು ವೈನಿ."

"ನಿಮ್ಮ ಅಣ್ಣ ಡ್ಯೂಟಿದಿಂದ ಬರ್ಲಿ, ಅವಂಗ ನೀನೇ ಹೇಳು. ನನ್ನ ಬಾಯಿಲೆ ಹೇಳಸಬ್ಯಾಡ." ಆಮೇಲೆ ಮೇಡಂ ಕಡೆ ತಿರುಗಿದಳು. "ಬರೀರಿ ಮೇಡಂ. ನನ್ನ ಹೆಸರು ಬರೀರಿ. ಪೂನಮ್. ಊರು ಕೊಡ್ಲಿ ಅಂತನೂ ಬರೀರಿ."

"ಊರಿನ ಕಾಲಂ ಇಲ್ಲಮ್ಮ," ಅಂದರು ಮೇಡಂ ಮೆತ್ತಗೆ.

"ಬಾಜೂಕ ಜಾಗ ಅದ, ಅಲ್ಲೇ ಬರೀರಿ."

ಬರೆದರು. ಅವಳ ಹಾಡನ್ನು ಕತ್ತರಿಸದೆ ಹಾಗೆಯೇ ಟ್ಯಾಬ್ಲೆಟ್ಟಿಗೆ ತುಂಬಿದೆ. ನನ್ನದನ್ನು ಅಳಿಸಿದೆ. ಅಳಿಸುವಾಗ ಬೆರಳು ಎರಡು ಸಲ ತಡೆಯಿತು.

ಆ ಸಂಜೆ ಏಳು ನಿಮಿಷ ಮುಗಿದ ಮೇಲೂ ಆಯಿಗೆ ಸಾಕಾಗಲಿಲ್ಲ. ಹೆಡ್‌ಫೋನು ತೆಗೆದು, "ಅಕ್ಕಾ, ಇನ್ನಾ ಹೊತ್ತದ, ಹೇಳು" ಅಂದಳು. ವೈನಿ ಬಾಯಲ್ಲೇ ಶುರು ಮಾಡಿದಳು. ನಾನು ಹೊಸ್ತಿಲ ಹತ್ತಿರ ನಿಂತಿದ್ದೆ. ಮಧ್ಯಾಹ್ನದಿಂದ ಅವಳು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಈಗಲೂ ನನ್ನ ಕಡೆ ನೋಡದೆ ಗೋಡೆಗೆ ಹೇಳಿದ ಹಾಗೆ ಅಂದಳು, "ಹಿಂದ ಹೇಳೋರು ಒಬ್ರೇ ಆಗ್ಯಾರ. ಬಾಯಿ ಇದ್ದೋರು ಬಂದು ಕುಂದ್ರಬಹುದು."

ಕೂತೆ. ಪ್ರಶ್ನೆ ಬಂತು. ನಾನು ಅವಸರದಲ್ಲಿ ಉತ್ತರ ಹಾಡಿಬಿಟ್ಟೆ. ಆಯಿ ನನ್ನ ತೊಡೆಗೆ ಛಟ್ಟಂತ ಹೊಡೆದಳು.

"ತಡಿಬೇ! ಎರಡು ಸಲ ಕುರ್ಪಿ ಆಡಿಸು, ಆಮ್ಯಾಲ ಅನ್ನು. ಇಷ್ಟ್ ಗಡಬಡಿ ಮಾಡಿದ್ರ ಕಸ ಬಿಟ್ಟು ತೊಗರಿನೇ ಕೀಳ್ತಿ." ವೈನಿಯ ಕಡೆ ಬಾಗಿ ಕೇಳಿದಳು, "ಯಾರಿಕಿ?"

ವೈನಿ ನನ್ನನ್ನು ನೋಡಿದಳು. ನಿನ್ನ ಮೊಮ್ಮಗಳು ಅನ್ನಬಹುದಿತ್ತು. ಅನ್ನಲಿ ಅಂತ ನಾನು ಕಣ್ಣಲ್ಲೇ ಬೇಡಿಕೊಂಡೆ.

"ಹೊಸಾ ಆಳು," ಅಂದಳು. "ಕೆಲಸ ಬರಂಗಿಲ್ಲ ಇನ್ನಾ."

"ಬರ್ತದ ಬಿಡು," ಅಂದಳು ಆಯಿ. "ನನ್ನ ಬಾಜೂಕ ಕುಂದ್ರಸು."

ಸರಿದು ಕೂತೆ. ಆಯಿಯ ಕೈ ವೈನಿಯ ಮೊಣಕಾಲ ಮೇಲೆಯೇ ಇತ್ತು. ನೋಡಿದೆ. ಉರಿಯಿತು. ಅಷ್ಟರಲ್ಲಿ ವೈನಿ ಮುಂದಿನ ಸಾಲು ಕೇಳಿ ನಿಂತಳು, ನಾನು ನೆಲದ ಮೇಲೆ ಬೆರಳಿಂದ ಒಂದು ಸಲ ಕೆದರಿದೆ, ಎರಡು ಸಲ ಕೆದರಿದೆ.